ಒಲೇಲಿ ಬೆಂಕಿ ಇಲ್ಲ ಕಣವ್ವ

ಕರು ಹಗ್ಗ ಬಿಡಿಸಿಕೊಂಡು ಓಡದೇ ಇದ್ದಿದ್ದರೆ ಸರ್ವಮಂಗಳ ಅದನ್ನು ನೋಡುತ್ತಲೇ ಇರಲಿಲ್ಲ.

ಬೆಳಗಿನ ಹೊತ್ತು. ಹಾಲು ಕರೆದು ಕರುವನ್ನು ಕಟ್ಟಲು ಹೋದಾಗ ಅದು ಕೈಯಿಂದ ನುಣುಚಿಕೊಂಡು, ಬೇಲಿಯ ಸಂದಿಯಲ್ಲಿ ನುಗ್ಗಿ, ಪಕ್ಕದ ತೋಂಟದಾರ್ಯನ ತೆಂಗಿನ ತೋಟ ಸೇರಿತು. ಇವಳು ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬಿದ್ದ ಗರಿಗಳನ್ನು ದಾಟುತ್ತ ಅದರ ಹಿಂದೆ ಹೋದಳು. ತೋಟದ ನಡುವಿನ ಅಟ್ಟದ ಮನೆಯ ಹತ್ತಿರ ಕರು ಸಿಕ್ಕಿತು. ಅದರ ಕಿವಿ ಹಿಡಿದು ತಿರುಗಿಸುವಾಗ, ತೆರೆದಿದ್ದ ಬಾಗಿಲಿನೊಳಗೆ ಕಣ್ಣು ಹೋಯಿತು.

ಅಲ್ಲಿ ಒಬ್ಬಳೇ ಇರುವ ತೋಂಟದಾರ್ಯನ ಸೋದರತ್ತೆ ದ್ರಾಕ್ಷಾಯಣಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಲೆಯಲ್ಲಿ ತೆಂಗಿನ ಮಟ್ಟೆಯ ಬೆಂಕಿ ಕೆಂಪಗೆ ನಿಗಿನಿಗಿ ಎನ್ನುತ್ತಿತ್ತು. ಮುದುಕಿ ಸ್ವಲ್ಪ ಹೊತ್ತು ಅಂಗೈ ಕಾಯಿಸಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಚೊಂಬು ಎತ್ತಿ ಒಲೆಯ ಬಾಯಿಗೆ ನೀರು ಸುರಿದಳು.

ಚುಸ್ಸೆಂದು ಬೂದಿ ಮೇಲೆದ್ದಿತು. ಮುದುಕಿ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡಳು, ಅಷ್ಟೆ. ಬೆದರಲಿಲ್ಲ, ತಡವರಿಸಲಿಲ್ಲ. ದಿನದಿನದ ಕಸ ಗುಡಿಸುವವಳ ಹಾಗೆ, ಕಡ್ಡಿಯಿಂದ ಕೆದಕಿ ಎಲ್ಲಾದರೂ ಕೆಂಪು ಉಳಿದಿದೆಯೇ ಎಂದು ನೋಡಿದಳು. ಮೂಲೆಯಲ್ಲಿ ಒಂದಿಷ್ಟು ಉಳಿದಿತ್ತು. ಅದರ ಮೇಲೂ ನೀರು ಬಿಟ್ಟಳು. ನಂತರ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಗೂಡಿನಲ್ಲಿದ್ದ ತೆಂಗಿನ ಚಿಪ್ಪನ್ನು ಕೈಗೆ ತೆಗೆದುಕೊಂಡು ಎದ್ದಳು.

ಆ ಚಿಪ್ಪನ್ನು ಸರ್ವಮಂಗಳ ಚೆನ್ನಾಗಿ ಬಲ್ಲಳು. ತಳದಲ್ಲಿ ಬೂದಿ, ಅಂಚೆಲ್ಲ ಸುಟ್ಟು ಕರಿ. ದಿನಾ ಬೆಳಿಗ್ಗೆ ತನ್ನ ಮನೆಯ ಬಾಗಿಲಿಗೆ ಕೆಂಡಕ್ಕೆ ಬರುವ ಚಿಪ್ಪು ಅದು.

ಅವಳು ಕರುವನ್ನು ಎಳೆದುಕೊಂಡು ಮರದ ಮರೆಗೆ ಸರಿದಳು. ತಪ್ಪು ಮಾಡಿದವಳು ತಾನೇನೋ ಎನ್ನುವಂತೆ ಯಾಕೆ ಬಚ್ಚಿಟ್ಟುಕೊಂಡೆನೆಂದು ಅವಳಿಗೇ ತಿಳಿಯಲಿಲ್ಲ. ಉರಿಯುವ ಒಲೆಗೆ ಯಾರಾದರೂ ನೀರು ಹೊಯ್ಯುತ್ತಾರೆಯೇ? ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುತ್ತಾರೆ, ಬೆಳಿಗ್ಗೆ ಬೂದಿ ಸರಿಸಿ ಊದುತ್ತಾರೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನಿಜ. ಅಲ್ಲೂ ಕೂಡ ಅದು ತಾನಾಗಿ ಆರಲು ಬಿಡುತ್ತಾರೆಯೇ ಹೊರತು ನೀರು ಹೊಯ್ದು ಕೊಲ್ಲುವುದಿಲ್ಲ.

ಕರುವನ್ನು ತಂದು ಕಟ್ಟಿ ಅಡಿಗೆಮನೆಗೆ ಬರುವಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ದನಿ.

"ಮಂಗ್ಳಾ, ಒಲೇಲಿ ಬೆಂಕಿ ಇಲ್ಲ ಕಣವ್ವ. ಒಂದು ಕೆಂಡ ಹಾಕು."

ಸರ್ವಮಂಗಳ ಮುದುಕಿಯ ಮುಖವನ್ನೇ ನೋಡಿದಳು. ಹಣೆಯ ಮೇಲೆ ವಿಭೂತಿ, ಹುಬ್ಬಿನ ಮೇಲೆ ಈಗತಾನೇ ಹಾರಿದ ಒಲೆಯ ಬೂದಿ. ಕಣ್ಣಲ್ಲಿ ಕಳ್ಳತನ ಹುಡುಕಿದಳು. ಕಾಣಲಿಲ್ಲ. ಕಾಣದೇ ಇದ್ದದ್ದಕ್ಕೆ ಇನ್ನೂ ಹೆದರಿಕೆಯಾಯಿತು. ಇಕ್ಕಳದಲ್ಲಿ ಕೆಂಡ ಎತ್ತಿದಳು, ಅದು ಜಾರಿ ನೆಲಕ್ಕೆ ಬಿತ್ತು. ಮುದುಕಿ ಬರಿಗೈಯಲ್ಲಿ ಚಕ್ಕನೆ ಎತ್ತಿ ಚಿಪ್ಪಿಗೆ ಹಾಕಿಕೊಂಡಳು.

"ಹುಷಾರು ಕಣೇ, ಕಾಲ ಮೇಲೆ ಬಿದ್ದೀತು. ನಿನ್ನೆ ಸೊಂಟ ಹಿಡ್ಕೊಂಡೈತೆ ಅಂದಿದ್ದೆ, ಹೆಂಗೈತೆ ಈಗ?"

ಸರ್ವಮಂಗಳ ಇಕ್ಕಳವನ್ನು ಒಲೆಯ ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಗುರುಶಾಂತಮ್ಮ ಕೂಗಿದಳು. ಮಂಡಿ ಹಿಡಿದುಕೊಂಡ ಮೇಲೆ ಅವಳು ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. "ಬಂದ್ಯಾ ದ್ರಾಕ್ಷಾಯಣಿ? ನಿನ್ನ ಒಲೆಗೇನೇ ರೋಗ ಬಂದಿರೋದು, ದಿನಾ ಆರ್ತದಲ್ಲ?"

"ಆ ರೋಗ ನಿನ್ನ ಬಾಯಿಗಾದ್ರೂ ಬರ್ಬಾರ್ದಿತ್ತಾ ಗುರುಶಾಂತಿ. ನನ್ನ ಒಲೇಲಿ ಬೆಂಕಿ ಇಲ್ಲ, ನಿನ್ನ ಬಾಯಲ್ಲಿರೋ ಬೆಂಕಿ ಆರಲ್ಲ."

ಇದು ದಿನದ ಪಾಠ. ದ್ರಾಕ್ಷಾಯಣಮ್ಮ ಚಿಪ್ಪು ಹಿಡಿದುಕೊಂಡೇ ಜಗಲಿಗೆ ಹೋಗಿ ಕೂರುತ್ತಿದ್ದಳು. ತಿಪಟೂರು ಬಸ್ಸಿನಲ್ಲಿ ಯಾರಿಳಿದರು, ಯಾರ ಮನೆ ಸೊಸೆ ತವರಿಗೆ ಹೋದಳು, ಹಾಲ್ಕುರಿಕೆ ಮಠಕ್ಕೆ ಯಾರು ಹೋಗಿಬಂದರು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಸುಳ್ಳೆನ್ನುವಳು. ಚಿಪ್ಪಿನ ಕೆಂಡ ಬೂದಿಯಾಗುವವರೆಗೂ ಮಾತು. ಕೊನೆಗೆ, "ಅಯ್ಯೋ, ಇದು ಆರೇಹೋಯ್ತಲ್ಲೇ ಮಂಗ್ಳಾ, ಇನ್ನೊಂದು ಹಾಕವ್ವ" ಎಂದು ಇನ್ನೊಂದು ಕೆಂಡ ಈಸಿಕೊಂಡು ಹೋಗುವಳು. ಸರ್ವಮಂಗಳ ಎಷ್ಟೋ ಸಲ ಒಳಗೊಳಗೇ ನಕ್ಕಿದ್ದಳು.

ಅವತ್ತು ನಗು ಬರಲಿಲ್ಲ. ಮುದುಕಿ ಅತ್ತ ಹೋದದ್ದೇ ತಡ, ಇವಳು ಅತ್ತೆಯ ಕಿವಿಗೆ ಎಲ್ಲ ಹೇಳಿದಳು.

ಗುರುಶಾಂತಮ್ಮನ ಬಾಯಲ್ಲಿ ಎಲೆಯಡಿಕೆ ನಿಂತುಹೋಯಿತು. "ನೀರು ಹೊಯ್ದಳಾ? ಉರಿಯೋ ಒಲೆಗಾ?"

"ನನ್ನ ಕಣ್ಣಾರೆ ನೋಡ್ದೆ ಅತ್ತೆ. ಕೆದಕಿ ಕೆದಕಿ ಆರಿಸಿದ್ರು."

ಗುರುಶಾಂತಮ್ಮ ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಹಸ ಹಾಲು ಕಮ್ಮಿ ಮಾಡಿದ್ದು ಯಾವಾಗಿಂದ್ಲೇ? ನಮ್ಮ ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗೋದು ಬುಟ್ಟು ಕೊಳೆತದ್ದು ಯಾವಾಗ? ಯೋಚ್ನೆ ಮಾಡು. ತನ್ನ ಒಲೆ ಕೊಂದು ದಿನಾ ನಮ್ಮ ಒಲೆ ಒಯ್ತಾವ್ಳೆ ಕಣೇ. ನಮ್ಮನೆ ಏಳಿಗೆ ಆ ಚಿಪ್ಪಿನಾಗೆ ಹೋಯ್ತಾ ಐತೆ. ಇನ್ಮೇಲೆ ಬೆಂಕಿಗೆ ಬರೋದು ಬೇಡ" ಎಂದಳು.

ಸರ್ವಮಂಗಳಳಿಗೆ ಮಗಳ ನೆನಪಾಯಿತು. ತುರುವೇಕೆರೆಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಬರುವ ತಿಂಗಳು ಹೆರಿಗೆಗೆ ಇದೇ ಮನೆಗೆ ಬರುವವಳು. ಹೆಣ್ಣುಮಗಳು ಹೆರುವ ಮನೆಯಿಂದ ದಿನಾ ಬೆಂಕಿ ಹೊರಗೆ ಹೋಗುತ್ತಿದೆ! ಆ ಮಾತು ಒಮ್ಮೆ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತ ಗಂಡ ಕರಿಬಸವಯ್ಯನಿಗೂ ಹೇಳಿದ್ದಾಯಿತು. ಅವನು ಮುದ್ದೆ ಮುರಿಯುತ್ತ ನಕ್ಕ. "ಅಯ್ಯೋ, ಒಂದು ಬೆಂಕಿಪೊಟ್ಟಣ ಕೊಟ್ಟು ಕೈ ಮುಗೀರಿ. ಮಾಟಾನೂ ಇಲ್ಲ, ಕಾಟಾನೂ ಇಲ್ಲ."

ದ್ರಾಕ್ಷಾಯಣಮ್ಮ ದಿಕ್ಕಿಲ್ಲದವಳೇನಲ್ಲ. ಮಕ್ಕಳಾಗದೆ, ಗಂಡ ತೀರಿಕೊಂಡ ಮೇಲೆ ಅಣ್ಣನ ಊರಿಗೆ ಬಂದವಳು. ತೋಟದ ಅಟ್ಟದ ಮನೆಯಲ್ಲಿ ಇರು, ಕಾಯಿ ನೋಡಿಕೋ ಎಂದಿದ್ದ ಅಣ್ಣ. ಆಗ ಆ ಮನೆ ಸಂತೆಯ ಹಾಗಿರುತ್ತಿತ್ತು. ಅಟ್ಟದ ತುಂಬ ಕಾಯಿ. ಅವು ಒಳಗೇ ನೀರು ಆರಿ, ಕೊಬ್ಬರಿಯಾಗಲು ವರ್ಷದ ಮಾತು. ಕಾಯಿ ಏರಿಸುವವರು, ಹೊಗೆ ಹಾಕಲು ಮಟ್ಟೆ ತರುವವರು, ಇಳಿಸಿ ಸುಲಿದು ಒಡೆಯುವ ಹೆಂಗಸರು. ಅವರಿಗೆಲ್ಲ ಇವಳದೇ ಮಜ್ಜಿಗೆ, ಇವಳದೇ ಬೈಗುಳ. ಅಣ್ಣ ತೀರಿಕೊಂಡ ಮೇಲೆ ಅವನ ಮಗ ತೋಂಟದಾರ್ಯ ಬಸ್ಸು ನಿಲ್ಲುವ ಕಡೆ ಶೀಟಿನ ಗೋಡೌನು ಕಟ್ಟಿಸಿದ. ಲಾರಿ ಅಲ್ಲಿಗೇ ಬರುತ್ತಿತ್ತು, ಕಾಯಿಯೂ ಅಲ್ಲಿಗೇ ಹೋಯಿತು, ಜನವೂ ಅಲ್ಲಿಗೇ ಹೋದರು. ಹುಡುಗ ಕೆಟ್ಟವನಲ್ಲ. ಅತ್ತೆಗೆ ರಾಗಿ, ಬೇಳೆ, ಸೀಮೆಎಣ್ಣೆ ಎಲ್ಲ ಆಳಿನ ಕೈಯಲ್ಲಿ ತಪ್ಪದೆ ಕಳಿಸುತ್ತಿದ್ದ. ನಮ್ಮತ್ತೆಗೆ ಯಾವುದಕ್ಕೂ ಕೊರತೆ ಇಲ್ಲ ಎಂದು ಊರಲ್ಲಿ ಹೇಳಿಕೊಳ್ಳುತ್ತಿದ್ದ. ಊರೂ ಹಾಗೇ ತಿಳಿದಿತ್ತು. ಸರ್ವಮಂಗಳ ಕೂಡ.

ಮಾರನೆಯ ಬೆಳಿಗ್ಗೆ ಚಿಪ್ಪು ಬಂತು. "ಮಂಗ್ಳಾ, ಒಲೇಲಿ ಬೆಂಕಿ ಇಲ್ಲ ಕಣವ್ವ."

ಗುರುಶಾಂತಮ್ಮ ಅವತ್ತು ಜಗಲಿಯಲ್ಲಿರಲಿಲ್ಲ. ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಸರ್ವಮಂಗಳ ಇಕ್ಕಳ ಮುಟ್ಟಲಿಲ್ಲ. ಸೊಂಟದಲ್ಲಿದ್ದ ಹೊಸ ಬೆಂಕಿಪೊಟ್ಟಣವನ್ನು ತೆಗೆದು ಚಿಪ್ಪಿನ ಬೂದಿಯ ಮೇಲೆ ಇಟ್ಟಳು.

"ಇದನ್ನ ಇಟ್ಕೊಳ್ಳಿ ದೊಡ್ಡಮ್ಮ. ವಯಸ್ಸಾದೋರು, ದಿನಾ ನೀವ್ಯಾಕೆ ಕಷ್ಟಪಟ್ಕೊಂಡು ಬರ್ಬೇಕು?"

ದನಿಯಲ್ಲಿ ಜೇನು ಸುರಿದಿತ್ತು. ಅದು ಅವಳಿಗೇ ಕೇಳಿಸಿತು.

ದ್ರಾಕ್ಷಾಯಣಮ್ಮ ಚಿಪ್ಪಿನೊಳಗೆ ನೋಡಿದಳು. ಇಟ್ಟದ್ದು ಏನೆಂದು ಗುರುತು ಸಿಗದವಳ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ಖಾಲಿ ಜಗಲಿಯ ಕಡೆ ನೋಡಿದಳು.

"ಒಳ್ಳೇದಾಯ್ತು ಬುಡವ್ವ" ಎಂದಳು. ಎರಡು ಹೆಜ್ಜೆ ಹೋಗಿ ಮತ್ತೆ ನಿಂತು, "ಒಳ್ಳೇದೇ ಆಯ್ತು" ಎಂದಳು. ಸೊಂಟದ ನೋವು ಹೇಗಿದೆ ಎಂದು ಅವತ್ತು ಕೇಳಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸರ್ವಮಂಗಳಳಿಗೆ ಮೊದಲು ತಲೆಯಿಂದ ಹೊರೆ ಇಳಿದಂತಾಯಿತು. ಆದರೆ ಬೆಳಿಗ್ಗೆ ಒಲೆ ಊದಿದ ಮೇಲೆ ಕೈ ತಾನಾಗಿ ಒಂದು ಒಳ್ಳೆಯ ಕೆಂಡವನ್ನು ಪಕ್ಕಕ್ಕೆ ಸರಿಸಿಡುತ್ತಿತ್ತು. ಅದನ್ನು ಮತ್ತೆ ಒಳಗೆ ತಳ್ಳುವಾಗ ಏನೋ ಕಸಿವಿಸಿ. ಒಂದು ದಿನ ನೀರು ಹೊತ್ತು ತರುವಾಗ ಸೊಂಟ ಹಿಡಿದು ಅಲ್ಲೇ ಕೂತುಬಿಟ್ಟಳು. ಗಂಡ ದಾಟಿಕೊಂಡು ತೋಟಕ್ಕೆ ಹೋದ. ಅತ್ತೆ, "ಕಾಫಿ ಆಯ್ತೇನೇ?" ಎಂದಳು. ನೋವಾಯಿತೇ ಎಂದು ಕೇಳುತ್ತಿದ್ದ ಒಂದೇ ಒಂದು ದನಿಯನ್ನು ತಾನೇ ಪೊಟ್ಟಣ ಕೊಟ್ಟು ಕಳಿಸಿಬಿಟ್ಟೆನೆಂದು ಆಗ ಹೊಳೆಯಿತು. ಹೊಳೆದದ್ದಕ್ಕೇ ಅವಳಿಗೆ ಗಾಬರಿಯಾಯಿತು. ತುಂಬಿದ ಮನೆ ಇದು. ತುಂಬಿದ ಮನೆಯಲ್ಲಿ ತನ್ನನ್ನು ಮಾತಾಡಿಸುತ್ತಿದ್ದವಳು ಚಿಪ್ಪು ಹಿಡಿದು ಬರುತ್ತಿದ್ದ ಹೊರಗಿನವಳೇ?

ಗುರುಶಾಂತಮ್ಮ ಬೆಳಿಗ್ಗೆ ಜಗಲಿಗೆ ಬಂದು ಕೂರುವಳು. ಬೇಲಿಯ ಕಡೆ ನೋಡುವಳು. ಎಲೆಯಡಿಕೆಯ ಚೀಲ ಬಿಚ್ಚುವಳು, ಕಟ್ಟುವಳು. ಕೊನೆಗೊಂದು ದಿನ, ಯಾರಿಗೋ ಹೇಳಿದ ಹಾಗೆ, "ಏನೇ, ಅವಳು ಬರ್ಲೇ ಇಲ್ವಾ?" ಎಂದಳು.

ಸರ್ವಮಂಗಳ ಬೆರಗಾಗಿ ನೋಡಿದಳು. "ಬರೋದು ಬೇಡ ಅಂದೋರು ನೀವೇ ಅಲ್ವಾ ಅತ್ತೆ?"

"ಬೆಂಕಿಗೆ ಬರ್ಬೇಡ ಅಂದೆ ಕಣೇ. ಬರ್ಲೇಬೇಡ ಅಂದ್ನಾ?" ಎಂದು ಸಿಡುಕಿ ಮುಖ ತಿರುಗಿಸಿಕೊಂಡಳು.

ಆ ಮಾತು ಕೇಳಿ ಸರ್ವಮಂಗಳ ತೋಟದ ಕಡೆ ಕಣ್ಣೆತ್ತಿದಳು. ತೆಂಗಿನ ಮರಗಳ ನಡುವೆ ಅಟ್ಟದ ಮನೆಯ ಹೆಂಚು ಕಾಣುತ್ತಿತ್ತು. ಹೊಗೆ ಕಾಣಲಿಲ್ಲ. ನಿನ್ನೆಯೂ ಕಂಡಿರಲಿಲ್ಲ. ಮೊನ್ನೆ? ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು ಓಡಿದಳು.

ಬಾಗಿಲು ತೆರೆದೇ ಇತ್ತು. ಮುದುಕಿ ಒಲೆಯ ಮುಂದೆ, ಅವತ್ತು ಕೂತಿದ್ದ ಹಾಗೆಯೇ ಕುಕ್ಕರುಗಾಲಲ್ಲಿ ಕೂತಿದ್ದಳು. ಒಲೆಯಲ್ಲಿ ನೀರು ಕುಡಿದ ಬೂದಿ ಒಣಗಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪಕ್ಕದ ತಟ್ಟೆಯಲ್ಲಿ ಹುರಿಹಿಟ್ಟು ನೀರಲ್ಲಿ ಕಲಸಿದ್ದು ಅರ್ಧ ಉಳಿದಿತ್ತು. ಒಲೆ ಬೇಡದ ಊಟ.

"ದೊಡ್ಡಮ್ಮ!"

ಮುದುಕಿ ತಿರುಗಿದಳು. ಬಾಯಿ ತೆರೆದಳು. ತುಟಿ ಆಡಿತು, ದನಿ ಬರಲಿಲ್ಲ. ಮುದುಕಿ ಗಂಟಲು ಕೆರೆದುಕೊಂಡು, ಕೆಮ್ಮಿ, ಮತ್ತೆ ಬಾಯಿ ತೆರೆದಳು. ಈ ಸಲ ಒಡಕು ದನಿಯೊಂದು ಹೊರಟಿತು.

"ಗಾಬರಿ ಆಗ್ಬೇಡವ್ವ, ಏನೂ ಆಗಿಲ್ಲ. ಮಾತಾಡಿ ಶಾನೆ ದಿನ ಆಯ್ತು ನೋಡು, ಗಂಟ್ಲು ಕಟ್ಟೈತೆ. ಅಟ್ಟದ ಮೇಲಿನ ಕೊಬ್ಬರಿ ನೋಡಿಲ್ವಾ, ಚಿಪ್ಪಿನೊಳಗೇ ಬುಟ್ಕೊಂಡಿರ್ತದೆ. ಯಾರಾದ್ರೂ ಎತ್ತಿ ಅಲ್ಲಾಡಿಸಿದ್ರೆ ಸದ್ದು ಮಾಡ್ತದೆ. ಇಲ್ದಿದ್ರೆ ಸುಮ್ಕೆ ಕೂತಿರ್ತದೆ."

ಸರ್ವಮಂಗಳ ಅವಳ ಪಕ್ಕದಲ್ಲಿ ಕೂತಳು. ಆಗ ಗೋಡೆಯ ಗೂಡು ಕಣ್ಣಿಗೆ ಬಿತ್ತು. ಅದರಲ್ಲಿ ಚಿಪ್ಪು, ಚಿಪ್ಪಿನಲ್ಲಿ ತಾನು ಕೊಟ್ಟ ಪೊಟ್ಟಣ, ಇಟ್ಟಂತೆಯೇ. ಅದರ ಹಿಂದೆ ಇನ್ನೂ ಹಲವು ಪೊಟ್ಟಣಗಳು, ಸೀಮೆಎಣ್ಣೆಯ ಜೊತೆ ತೋಂಟದಾರ್ಯ ಕಳಿಸಿದವು, ಸೀಲು ಕೂಡ ಒಡೆಯದವು, ಒಂದರ ಮೇಲೊಂದು.

"ಬೆಂಕಿಪೊಟ್ಟಣ ಇದ್ವಾ ದೊಡ್ಡಮ್ಮ?" ಎಂದಳು. "ಬೆಂಕೀನೂ ಇತ್ತು. ನೀವು ಅದಕ್ಕೆ ನೀರು ಹೊಯ್ದದ್ದು ನಾನು ನೋಡ್ದೆ."

ಈಗ ಬೆಚ್ಚಿದ್ದು ದ್ರಾಕ್ಷಾಯಣಮ್ಮ. ಸೆರಗು ಬಾಯಿಗೆ ಒತ್ತಿಕೊಂಡಳು. "ನೋಡ್ಬುಟ್ಯಾ?" ಎಂದಳು. ಮುಖವೆಲ್ಲ ನಾಚಿಕೆ. ಆಮೇಲೆ ತಲೆ ತಗ್ಗಿಸಿ, ತಪ್ಪು ಸಿಕ್ಕಿಬಿದ್ದ ಹುಡುಗಿಯ ಹಾಗೆ ಹೇಳಿದಳು.

"ಮತ್ತೇನು ಮಾಡ್ಲವ್ವ? ಕೊರಳಲ್ಲಿ ಲಿಂಗ ಐತೆ. ಒಲೇಲಿ ಬೆಂಕಿ ಇಟ್ಕೊಂಡು, ಇಲ್ಲ ಅಂತ ನಿನ್ನ ಬಾಗಿಲಲ್ಲಿ ನಿಂತು ಸುಳ್ಳು ಹೇಳೋಕಾಯ್ತದಾ? ಅದಕ್ಕೇ ಆರಿಸಿ ಬತ್ತಿದ್ದೆ."

ಇಷ್ಟು ವರ್ಷದ ಬೆಳಗುಗಳು ಒಮ್ಮೆಗೇ ಸರ್ವಮಂಗಳಳ ಕಿವಿಯಲ್ಲಿ ತಿರುಗಿದವು. ಒಲೆ ತಾನಾಗಿ ಆರಿಹೋಯಿತು ಎಂದು ಈ ಮುದುಕಿ ಒಂದು ದಿನವೂ ಅಂದಿರಲಿಲ್ಲ. ಅಂದದ್ದು ಒಂದೇ ಮಾತು, ಒಲೇಲಿ ಬೆಂಕಿ ಇಲ್ಲ ಕಣವ್ವ. ಆ ಮಾತು ನಿಜವಾಗಲೆಂದು, ಬರುವ ಮುನ್ನ ಕೆದಕಿ ಕೆದಕಿ ಕೊನೆಯ ಕಿಡಿಯನ್ನೂ ಹುಡುಕಿ ಆರಿಸಿದ್ದಳು.

"ಸುಮ್ನೆ ಬರ್ಬಾರ್ದಿತ್ತಾ ದೊಡ್ಡಮ್ಮ? ಬೇಡ ಅಂತಿದ್ವಾ?"

"ಸುಮ್ನೆ ಹೆಂಗವ್ವ ಬರೋದು? ನಿಂಗೆ ಹಾಲು ಕರೆಯೋದೈತೆ, ಒಲೆ ಐತೆ. ಮುದುಕಿ ಮಾತಾಡೋಕೆ ಬಂದ್ಲು ಅಂದ್ರೆ ಯಾರು ಕೂತ್ಕೊತಾರೆ? ಬೆಂಕಿಗೆ ಬಂದ್ಲು ಅಂದ್ರೆ ಬೆಂಕಿ ಆದ್ರೂ ಕೊಡ್ಬೇಕಲ್ಲ. ಕೊಡೋವಾಗ ಎಲ್ಡು ಮಾತು ಬತ್ತವೆ." ಆರಿದ ಒಲೆಯ ಕಡೆ ನೋಡಿ, "ಗುರುಶಾಂತಿ ಜಗಲೀಲಿ ಇರ್ಲಿಲ್ಲ ಅವತ್ತು. ಆಗ್ಲೇ ತಿಳೀತು ಬುಡು, ಬೇಡ ಆದೆ ಅಂತ. ನಿನ್ನ ಪೊಟ್ಟಣ ಗೀರಿದ್ರೆ ಬೆಂಕಿ ಏನೋ ಬತ್ತಿತ್ತು. ಬಂದ ಬೆಂಕಿ ಇಟ್ಕೊಂಡು ಏನು ಮಾಡ್ಲಿ?" ಎಂದಳು.

ಹಸುವಿನ ಹಾಲು, ಕೊಳೆತ ಕಾಯಿ, ಮಾಟ. ತಾನೂ ಅತ್ತೆಯೂ ಪಿಸುಗುಟ್ಟಿದ್ದೆಲ್ಲ ಸರ್ವಮಂಗಳಳಿಗೆ ನೆನಪಾಯಿತು. ಅದನ್ನು ಹೇಳಲೂ ಬಾಯಿ ಬರಲಿಲ್ಲ, ಬಚ್ಚಿಡಲೂ ಮನಸ್ಸು ಬರಲಿಲ್ಲ. ಎದ್ದು ಗೂಡಿನಿಂದ ಚಿಪ್ಪು ತೆಗೆದುಕೊಂಡಳು. ಪೊಟ್ಟಣವನ್ನು ತೆಗೆದು ಗೂಡಿನ ಒಳಕ್ಕೆ, ಉಳಿದವುಗಳ ಹಿಂದಕ್ಕೆ ತಳ್ಳಿದಳು.

"ಇರಿ, ಬಂದೆ."

ಮನೆಗೆ ಹೋಗಿ, ಅತ್ತೆ ನೋಡುತ್ತಿರುವಂತೆಯೇ, ಒಲೆಯಲ್ಲಿದ್ದ ಒಳ್ಳೆಯ ಕೆಂಡವನ್ನು ಚಿಪ್ಪಿಗೆ ಹಾಕಿಕೊಂಡು ತಂದಳು. ಗಟ್ಟಿಯಾಗಿದ್ದ ಬೂದಿಯನ್ನು ಕಿತ್ತು ಹೊರಗೆ ಹಾಕಿ, ಮಟ್ಟೆಯ ನಾರು ಬಿಡಿಸಿಟ್ಟು ಊದಿದಳು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಹತ್ತಿಕೊಂಡಾಗ ಮುದುಕಿ, "ಸೊಂಟ ಬಗ್ಗಿಸಿ ಊದ್ಬೇಡ ಕಣೇ, ಹಿಡ್ಕೊಂಡಾತು" ಎಂದಳು. ಅಷ್ಟಕ್ಕೆ ಸರ್ವಮಂಗಳ, ಹೊಗೆಯ ನೆವದಲ್ಲಿ, ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದು ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಬೈಯುತ್ತಾಳೆ, ನಂಬುವುದಿಲ್ಲ ಎಂದುಕೊಂಡಿದ್ದಳು. ಗುರುಶಾಂತಮ್ಮ ಬೈಯಲಿಲ್ಲ. ಕಣ್ಣು ಮಿಟುಕಿಸದೆ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು.

"ನಾನು ಜಗಲೀಲಿ ಇರ್ಲಿಲ್ಲ ಅಂದ್ಲಾ?"

"ಹೂಂ ಅತ್ತೆ."

ಅವತ್ತೆಲ್ಲ ಗುರುಶಾಂತಮ್ಮ ಎಲೆಯಡಿಕೆಯ ಚೀಲ ಬಿಚ್ಚಲೇ ಇಲ್ಲ. ಮಗಳು ಹೆರಲು ಬರುವ ಮನೆ, ಬೆಂಕಿ ಕೊಡಬೇಡ ಎಂದು ಮತ್ತೆ ಹಟ ಹಿಡಿದರೆ ಏನು ಮಾಡಲಿ ಎಂದು ಸರ್ವಮಂಗಳ ಒಳಗೊಳಗೇ ಬೇಯುತ್ತಿದ್ದಳು. ನಾಳೆ ಮುದುಕಿ ಚಿಪ್ಪು ಹಿಡಿದು ಬಂದು, ಇನ್ನೊಮ್ಮೆ ಖಾಲಿ ಜಗಲಿ ನೋಡಿದರೆ ಆ ಒಲೆ ಮತ್ತೆ ಹತ್ತುವುದಿಲ್ಲ. ಅದು ಅವಳಿಗೆ ಖಂಡಿತವಾಗಿ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳಿಗೆ ಅಡಿಗೆಮನೆಯಿಂದ ಚುಸ್ಸೆಂಬ ಸದ್ದು ಕೇಳಿತು. ಹಾಲು ಉಕ್ಕಿತೇ ಎಂದುಕೊಂಡಳು. ಹಾಲಿನ್ನೂ ಕೈಯಲ್ಲೇ ಇತ್ತು. ಎದ್ದು ಒಳಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅಡಿಗೆಮನೆ ತುಂಬ ಬೂದಿ ಹಾರುತ್ತಿತ್ತು. ಈಗತಾನೇ ಊದಿ ಹೊತ್ತಿಸಿ ಹೋಗಿದ್ದ ಒಲೆ, ತಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ದಿನವೂ ಆರಲು ಬಿಡದ ಒಲೆ, ನೀರು ಕುಡಿದು ಕಪ್ಪಗೆ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಖಾಲಿ ಚೊಂಬು. ಹಿತ್ತಿಲ ಬಾಗಿಲು ತೆರೆದಿತ್ತು.

ಸರ್ವಮಂಗಳ ಬಾಗಿಲಿಗೆ ಬಂದು ನೋಡಿದಳು. ಜಗಲಿ ಬಿಟ್ಟು ಇಳಿಯದ ಗುರುಶಾಂತಮ್ಮ, ಒಂದು ಕೈಯಲ್ಲಿ ಬೇಲಿಯ ಗೂಟ ಹಿಡಿದುಕೊಂಡು, ಮಂಡಿಯನ್ನು ಬೈದುಕೊಳ್ಳುತ್ತ, ಬಿದ್ದ ಗರಿಗಳ ನಡುವೆ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಇನ್ನೊಂದು ಕೈಯಲ್ಲಿ ತೆಂಗಿನ ಚಿಪ್ಪು. ಬೂದಿ ಹಾಕಿದ್ದಳೋ ಇಲ್ಲವೋ. ಅಟ್ಟದ ಮನೆಯ ಹೆಂಚಿನ ಮೇಲೆ ತೆಳ್ಳಗೆ ಹೊಗೆ ಏಳುತ್ತಿತ್ತು.

"ಲೇ ದ್ರಾಕ್ಷಾಯಣಿ!" ಎಂದು ದೂರದಿಂದಲೇ ಕೂಗು ಕೇಳಿತು. "ಇದ್ದೀಯೇನೇ? ನಮ್ಮ ಒಲೇಲಿ ಬೆಂಕಿ ಇಲ್ಲ ಕಣೇ!"

ಆ ಕಡೆಯಿಂದ ಇನ್ನೂ ಒಡಕೊಡಕಾಗಿದ್ದ ದನಿ ಬಂತು. "ಯಾಕ್ಲೇ, ನಿನ್ನ ಒಲೆಗೇನು ರೋಗ ಬಂತು?"

ಕರಿಬಸವಯ್ಯ ಮುಖ ತೊಳೆದುಕೊಂಡು ಒಳಗೆ ಬಂದವನು ಒಲೆ ನೋಡಿ ದಂಗಾದ. "ಏನೇ ಇದು! ಯಾರೇ ನೀರು ಹೊಯ್ದದ್ದು? ಕಾಫಿ ಎಲ್ಲೇ?"

"ಒಲೇಲಿ ಬೆಂಕಿ ಇಲ್ಲ" ಎಂದಳು ಸರ್ವಮಂಗಳ.

"ಬೆಂಕಿಪೊಟ್ಟಣ ಅಲ್ಲೇ ಐತಲ್ಲೇ!"

ಅವನು ಕೈ ಚಾಚುವಷ್ಟರಲ್ಲಿ ಅವಳು ಪೊಟ್ಟಣವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅತ್ತೆ ತರೋಕೆ ಹೋಗವ್ರೆ. ಕೆಂಡ ಆರೋವರ್ಗೂ ಕೂತು ಬತ್ತಾರೆ. ಕಾಯಿರಿ."